ಬೌದ್ಧ ಅಧ್ಯಯನದಲ್ಲಿ ಪಿಎಚ್.ಡಿ.: ಅರ್ಜಿಗೆ ಮೊದಲು ಪಾಳಿ ಕಲಿಯಿರಿ

ಪುಣೆ: ಏಕವೀರಾ ದೇವಿಯ ದರ್ಶನಕ್ಕೆಂದು ಕಾರ್ಲಾ ಬೆಟ್ಟ ಹತ್ತುವ ಪುಣೆ ಕನ್ನಡಿಗರು ಗುಡಿಯ ಪಕ್ಕದ ಬೌದ್ಧ ಚೈತ್ಯದಲ್ಲಿ ಫೋಟೊ ತೆಗೆಸಿಕೊಂಡು ಇಳಿದು ಬರುವುದು ವಾಡಿಕೆ. ಆ ಶಿಲಾಗೃಹವನ್ನು ಪೂರ್ತಿಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲನೆಂದು ಅಲ್ಲಿನ ಬ್ರಾಹ್ಮಿ ಶಾಸನ ಹೇಳುತ್ತದೆ. ವೈಜಯಂತಿಯನ್ನು ವಿದ್ವಾಂಸರು ಗುರುತಿಸುವುದು ನಮ್ಮ ಬನವಾಸಿ ಎಂದೇ!

ಇಂಥ ಬರಹವನ್ನು ತಾವೇ ಓದಿ ಡಾಕ್ಟರೇಟ್ ಮಾಡಬೇಕೆನ್ನುವವರಿಗೆ ಪುಣೆ ಅನುಕೂಲದ ಊರು. ಧರ್ಮಾನಂದ ಕೋಸಂಬಿಯವರು 1912ರಿಂದ 1918ರವರೆಗೆ ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಳಿ ಕಲಿಸಿದ್ದರು. 1917ರಲ್ಲಿ ಸ್ಥಾಪನೆಯಾದ ಭಾಂಡಾರ್‌ಕರ್ ಸಂಸ್ಥೆ ಇಲ್ಲಿದೆ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದಲ್ಲಿ ಪಾಳಿ ಮತ್ತು ಬೌದ್ಧ ಅಧ್ಯಯನಕ್ಕೇ ಪ್ರತ್ಯೇಕ ವಿಭಾಗವಿದೆ.

ಯುಜಿಸಿಯ 2022ರ ನಿಯಮದಂತೆ ಎಂ.ಎ.ಯಲ್ಲಿ ಶೇ. 55 ಅಂಕ ಬೇಕು. ಪರಿಶಿಷ್ಟರು, ಹಿಂದುಳಿದವರು, ಅಂಗವಿಕಲರು ಮೊದಲಾದವರಿಗೆ ಶೇ. 5 ರಿಯಾಯಿತಿ. ಪ್ರವೇಶ ಪರೀಕ್ಷೆ ಇಲ್ಲವೇ ನೆಟ್, ಬಳಿಕ ಸಂದರ್ಶನ. ಪಾಳಿ ನೆಟ್‌ನಲ್ಲಿ ಬೇರೆಯೇ ವಿಷಯ; ಬೌದ್ಧ ಅಧ್ಯಯನ ಬರುವುದು ಜೈನ, ಗಾಂಧಿ ಮತ್ತು ಶಾಂತಿ ಅಧ್ಯಯನಗಳ ಜತೆ. ಆಯ್ಕೆಯಾದವರು 12ರಿಂದ 16 ಕ್ರೆಡಿಟ್‌ನ ಕೋರ್ಸ್‌ವರ್ಕ್ ಮುಗಿಸಬೇಕು. ಅವಧಿ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷ. ನೌಕರಿಯಲ್ಲಿರುವವರು ಅರೆಕಾಲಿಕವಾಗಿಯೂ ಮಾಡಬಹುದು, ಆದರೆ ಕಚೇರಿಯ ಎನ್ಒಸಿ ಬೇಕು. ಸಾಹೇಬರು ಬಾಯಿಮಾತಿನಲ್ಲಿ 'ಆಗಲಿ' ಎಂದರೆ ಸಾಲದು.

ಆದರೆ ಅಂಕಪಟ್ಟಿ, ಎನ್ಒಸಿ ಎಲ್ಲ ಕೆಲವು ತಿಂಗಳ ಓಡಾಟ. ಭಾಷೆಗೆ ಮಾತ್ರ ವರ್ಷಗಳೇ ಬೇಕು. ತ್ರಿಪಿಟಕವನ್ನು ಇಂಗ್ಲಿಷ್ ಅನುವಾದದಲ್ಲಿ ಓದಿ ಪ್ರಬಂಧ ಬರೆಯಹೊರಟರೆ ಮಾರ್ಗದರ್ಶಕರ ಮುಂದೆ ನಿಲ್ಲುವುದು ಕಷ್ಟ. ಮಹಾಯಾನ ವಿಷಯವಾದರೆ ಸಂಸ್ಕೃತ, ಮೇಲೆ ಟಿಬೆಟನ್ ಅಥವಾ ಚೀನಿ. ಆದ್ದರಿಂದ ಮೊದಲು ವಿಭಾಗದ ಪಾಳಿ ಸರ್ಟಿಫಿಕೇಟ್, ಡಿಪ್ಲೊಮಾ ಮಾಡಿಕೊಳ್ಳುವುದು ಒಳ್ಳೆಯದು. ಪಾಳಿಗೆ ಸ್ವಂತ ಲಿಪಿಯಿಲ್ಲ, ದೇವನಾಗರಿಯಲ್ಲೇ ಓದಬಹುದು. ಅದು ಇಲ್ಲಿನ ನಮ್ಮ ಮಕ್ಕಳಿಗೆ ಶಾಲೆಯಿಂದಲೇ ಬರುತ್ತದೆ. ಪಾಳಿಯ 'ವಣ್ಣ' ನಮ್ಮ ಬಣ್ಣ, 'ಸಿರಿ'ಯಂತೂ ಸಿರಿಯೇ.

ಇನ್ನು ವಿಷಯಕ್ಕೆ ದೂರ ಹೋಗಬೇಕಿಲ್ಲ. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟುವ ಭೀಮೆ ಕಲಬುರಗಿಯ ಸನ್ನತಿಯನ್ನು ಹಾಯ್ದು ಹೋಗುತ್ತಾಳೆ. ಅಲ್ಲಿ ಚಂದ್ರಲಾಂಬಾ ಗುಡಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ. ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ರಾಜ-ರಾಣಿಯರ ಶಿಲ್ಪವೊಂದಿದ್ದು, ಅದರ ಮೇಲೆ 'ರಾಯೋ ಅಸೋಕೋ' ಎಂದು ಬರೆದಿದೆ. ಈ ಸ್ತೂಪದ ಶಾಸನಗಳನ್ನೆಲ್ಲ ಸೇರಿಸಿ 2014ರಲ್ಲಿ ಪ್ರಕಟಿಸಿದವರು ಜಪಾನಿನ ಮೈಕೊ ನಕನಿಶಿ ಮತ್ತು ಜರ್ಮನಿಯ ಓಸ್ಕರ್ ಫಾನ್ ಹಿನ್ಯೂಬರ್, ಪ್ರಕಟವಾದದ್ದು ಟೋಕಿಯೊದಲ್ಲಿ. ಊರು ಕಲಬುರಗಿ, ವಿಜಯಪುರ ಎನ್ನುವ ಎಷ್ಟೋ ಮನೆಗಳು ಪುಣೆಯಲ್ಲಿವೆ. ಅವುಗಳಲ್ಲಿ ಒಂದರಿಂದಲಾದರೂ ಈ ಕೆಲಸಕ್ಕೆ ಒಬ್ಬರು ಹೊರಡಬೇಡವೇ?

ಹೊರಡುವವರು ಒಂದು ವಿಚಾರಿಸಿಕೊಳ್ಳಬೇಕು. ಪ್ರೊಫೆಸರ್ ಆದವರು ಏಕಕಾಲಕ್ಕೆ 8, ಅಸೋಸಿಯೇಟ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ವಿದ್ಯಾರ್ಥಿಗಳಿಗಷ್ಟೇ ಮಾರ್ಗದರ್ಶನ ಮಾಡಬಹುದು. ಅರ್ಜಿ ಶುಲ್ಕ ಕಟ್ಟುವ ಮೊದಲೇ ಯಾರ ಬಳಿ ಜಾಗ ಖಾಲಿಯಿದೆ ಎಂದು ವಿಭಾಗಕ್ಕೆ ಹೋಗಿ ಕೇಳಿಬರುವುದು ಲೇಸು.