ಅಳಿಸಿದಷ್ಟೂ ಸವೆಯುವ ಸ್ಲೇಟು

ಪೆನ್‌ಡ್ರೈವ್, ಮೊಬೈಲ್, ಎಸ್‌ಎಸ್‌ಡಿಗಳ ಒಳಗಿರುವ ಫ್ಲಾಶ್ ಮೆಮೊರಿಯಲ್ಲಿ ತಿರುಗುವ ಭಾಗ ಒಂದೂ ಇಲ್ಲ. ಆದರೂ ಅದು ಸವೆಯುತ್ತದೆ. ಓದುವುದರಿಂದ ಅಷ್ಟಾಗಿ ಅಲ್ಲ, ಬರೆದು ಅಳಿಸುವುದರಿಂದ.

ಇದು ಹುಟ್ಟಿದ್ದು ಫ್ಲೋಟಿಂಗ್ ಗೇಟ್ ಎಂಬ ಮೂಲಘಟಕದಿಂದ. ಸುತ್ತಲೂ ಸಿಲಿಕಾನ್ ಆಕ್ಸೈಡ್‌ನಂಥ ನಿರೋಧಕ ಪದರದಿಂದ ಮುಚ್ಚಿಹೋದ ಈ ಪುಟ್ಟ ಕೋಣೆಯಲ್ಲಿ ಎಲೆಕ್ಟ್ರಾನ್‌ಗಳು ಸೆರೆಯಾಗಿರುತ್ತವೆ. 1967ರಲ್ಲಿ ಬೆಲ್ ಪ್ರಯೋಗಾಲಯದ ದಾವೊನ್ ಕಾಂಗ್ ಮತ್ತು ಸೈಮನ್ ಝೀ ಇದನ್ನು ರೂಪಿಸಿದರು. ಇದೇ ತತ್ತ್ವದ ಮೇಲೆ, ಇಂಥ ಕೋಣೆಯುಳ್ಳ ಕೋಶಗಳ ಇಡೀ ಗುಂಪನ್ನು ಒಮ್ಮೆಗೇ ಅಳಿಸುವ ಮೆಮೊರಿಯನ್ನು ತೋಷಿಬಾದ ಫುಜಿಯೋ ಮಸುವೊಕಾ 1984ರಲ್ಲಿ ಮಂಡಿಸಿದರು. ಆ ಅಳಿಸುವಿಕೆ ಸಹೋದ್ಯೋಗಿ ಶೋಜಿ ಅರಿಯಿಝುಮಿಗೆ ಕ್ಯಾಮೆರಾದ ಫ್ಲಾಶ್ ನೆನಪಿಸಿತು. ಹೆಸರು ಹಾಗೆ ಬಂತು.

ಈ ಕೋಣೆಗೆ ಬಾಗಿಲಿಲ್ಲ. ಬರೆಯುವಾಗ ಸುಮಾರು 20 ವೋಲ್ಟ್ ಹೇರಿ ಎಲೆಕ್ಟ್ರಾನ್‌ಗಳನ್ನು ಗೋಡೆಯ ಮೂಲಕವೇ ಒಳಗೆ ನುಗ್ಗಿಸಬೇಕು, ಅಳಿಸುವಾಗ ಅದೇ ಗೋಡೆಯಿಂದ ಹೊರಗೆಳೆಯಬೇಕು. ಗೋಡೆಯ ದಪ್ಪವೋ 10 ನ್ಯಾನೋಮೀಟರ್ ಆಸುಪಾಸು. ಪ್ರತಿ ಓಡಾಟದಲ್ಲೂ ಒಂದಿಷ್ಟು ಎಲೆಕ್ಟ್ರಾನ್‌ಗಳು ಗೋಡೆಯಲ್ಲೇ ಸಿಕ್ಕಿಕೊಳ್ಳುತ್ತವೆ, ಅಲ್ಲಲ್ಲಿ ಪರಮಾಣುಗಳ ಬಂಧ ಮುರಿಯುತ್ತದೆ. ಕ್ರಮೇಣ ವಿದ್ಯುದಾವೇಶ ಸೋರತೊಡಗಿ, ಆ ಆವೇಶದಿಂದಲೇ ಓದಬೇಕಾದ ಬಿಟ್ ಸೊನ್ನೆಯೋ ಒಂದೋ ಎಂಬುದೇ ಅಸ್ಪಷ್ಟವಾಗುತ್ತದೆ.

ಕೋಶಕ್ಕೊಂದೇ ಬಿಟ್ ಇಡುವ ಎಸ್‌ಎಲ್‌ಸಿ ಚಿಪ್ ಸುಮಾರು 1,00,000 ಸಲ ಬರೆದು ಅಳಿಸುವುದನ್ನು ತಾಳಿಕೊಳ್ಳುತ್ತದೆ. ಮೂರು ಬಿಟ್ ತುರುಕುವ ಟಿಎಲ್‌ಸಿಯಲ್ಲಿ ಆವೇಶದ ಎಂಟು ಮಟ್ಟಗಳನ್ನು ಬೇರೆಬೇರೆಯಾಗಿ ಗುರುತಿಸಬೇಕಾದ್ದರಿಂದ ಸ್ವಲ್ಪ ಸೋರಿದರೂ ಲೆಕ್ಕ ತಪ್ಪುತ್ತದೆ. ಅದರ ಆಯುಸ್ಸು 1,000ದಿಂದ 3,000 ಸಲ. ಸ್ಟೋರೇಜ್ ಅಗ್ಗವಾದ ಗುಟ್ಟೂ ಹೀಗೆ ಬಿಟ್ ತುರುಕುವುದರಲ್ಲೇ ಇದೆ. ಡಬ್ಬದ ಮೇಲೆ ಗಿಗಾಬೈಟ್ ದಪ್ಪಕ್ಷರದಲ್ಲಿರುತ್ತದೆ, ಆಯುಸ್ಸಿನ ಈ ಸಂಖ್ಯೆಯನ್ನು ಹುಡುಕಬೇಕು.

ಶಾಲೆಯ ಸ್ಲೇಟಿನಲ್ಲಿ ತಪ್ಪಿದ ಒಂದಕ್ಷರವನ್ನು ಬೆರಳಿಂದ ಉಜ್ಜಿದರೆ ಮುಗಿಯಿತು. ಫ್ಲಾಶ್‌ನಲ್ಲಿ ಒರೆಸಿದರೆ ಇಡೀ ಸ್ಲೇಟನ್ನೇ ಒರೆಸಬೇಕು. ಈ ಸ್ಲೇಟಿಗೆ ಬ್ಲಾಕ್ ಎಂದು ಹೆಸರು. ಅದಕ್ಕಾಗಿ ಕಂಟ್ರೋಲರ್ ಎಂಬ ಜಾಣ ಹುಡುಗ ತಿದ್ದಿದ ಸಾಲನ್ನು ಬೇರೆ ಸ್ಲೇಟಿನ ಖಾಲಿ ಜಾಗದಲ್ಲಿ ಬರೆದು, ಹಳೆಯದಕ್ಕೆ ಅಡ್ಡಗೀಟು ಎಳೆಯುತ್ತಾನೆ. ಖಾಲಿ ಸ್ಲೇಟುಗಳು ಮುಗಿಯುತ್ತ ಬಂದಾಗ, ಗೀಟು ಬೀಳದೆ ಉಳಿದ ಸಾಲುಗಳನ್ನು ಇನ್ನೊಂದಕ್ಕೆ ನಕಲಿಸಿ ಹಳೆಯದನ್ನು ಒರೆಸುತ್ತಾನೆ. ನಕಲೂ ಬರವಣಿಗೆಯೇ, ಅದರಿಂದಲೂ ಸವೆತ. ಡ್ರೈವ್ ಭರ್ತಿಯಾದಷ್ಟೂ ಈ ನಕಲಿನ ಕೆಲಸ ಹೆಚ್ಚು. ಯಾವ ಸ್ಲೇಟೂ ಉಳಿದವಕ್ಕಿಂತ ಮೊದಲೇ ಸವೆಯದಂತೆ ಸರದಿ ಹಾಕುವವನೂ ಅವನೇ.

ಆದ್ದರಿಂದ ದೊಡ್ಡ ಸಿನಿಮಾ ಫೈಲೊಂದಕ್ಕಿಂತ ಒಟ್ಟು ಅಷ್ಟೇ ಗಾತ್ರದ ಚಿಲ್ಲರೆ ಬರಹಗಳೇ ಹೆಚ್ಚು ಹಾನಿಕರ. ಬರೆಯುವ ಕನಿಷ್ಠ ಅಳತೆಯಾದ ಪುಟ 16 ಕಿಲೋಬೈಟ್ ಇದ್ದಲ್ಲಿ, 100 ಬೈಟ್‌ನ ಒಂದು ಸಾಲನ್ನು ತಕ್ಷಣ ಉಳಿಸಲು ಪುಟ ಪೂರ್ತಿ ಖರ್ಚಾಗಬಹುದು: ಸುಮಾರು 160 ಪಟ್ಟು.

ಟೆಸ್ಲಾ ಕಾರುಗಳಲ್ಲಿ ಆದದ್ದು ಇದೇ. 2018ರ ಆರಂಭದವರೆಗಿನ ಮಾಡೆಲ್ ಎಸ್ ಮತ್ತು ಎಕ್ಸ್ ಕಾರುಗಳ ಪರದೆಯ ಹಿಂದೆ 8 ಗಿಗಾಬೈಟ್‌ನ ಫ್ಲಾಶ್ ಚಿಪ್ ಇತ್ತು. ತಾಳಿಕೆ ಸುಮಾರು 3,000 ಸಲ. ಕಾರು ಓಡಿದಷ್ಟೂ ಸಾಫ್ಟ್‌ವೇರ್ ಅದರ ಮೇಲೆ ಲಾಗ್, ಅಂದರೆ ಆಗುಹೋಗುಗಳ ದಾಖಲೆ, ಗೀಚುತ್ತಲೇ ಇತ್ತು. ಐದಾರು ವರ್ಷಕ್ಕೆ ಬಳಸಬಲ್ಲ ಬ್ಲಾಕ್‌ಗಳು ಮುಗಿದು ಹಲವು ಕಾರುಗಳ ಪರದೆ ಸ್ತಬ್ಧವಾಯಿತು, ಹಿಂದಿನ ಕ್ಯಾಮೆರಾದ ದೃಶ್ಯವೂ ಹೋಯಿತು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಪಟ್ಟು ಹಿಡಿದ ಮೇಲೆ, 2021ರಲ್ಲಿ ಸುಮಾರು 1,35,000 ಕಾರುಗಳನ್ನು ದುರಸ್ತಿಗೆ ವಾಪಸು ಕರೆಯಲಾಯಿತು. ಬದಲಿಗೆ ಕೂರಿಸಿದ ಚಿಪ್ 64 ಗಿಗಾಬೈಟ್‌ನದು. ಅದೇ ಲಾಗ್ ಈಗ ಎಂಟು ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ.