ಸಣ್ಣ ಕಾಲೇಜಿನಿಂದ ದೊಡ್ಡ ವಿಶ್ವವಿದ್ಯಾಲಯಕ್ಕೆ: ವಿದ್ಯಾರ್ಥಿಗಳೂ ಪಾಲಕರೂ ತಿಳಿಯಬೇಕಾದುದು

ಪದವಿ ಪರೀಕ್ಷೆಯ ಫಲಿತಾಂಶ ಪ್ರಕಟವಾದ ದಿನಗಳಲ್ಲಿ ಶ್ರೀಮಠಕ್ಕೆ ಬರುವ ಯುವಕ ಯುವತಿಯರ ಸಂಖ್ಯೆ ಹೆಚ್ಚುತ್ತದೆ. ಕರ್ತೃಗದ್ದುಗೆಗೆ ನಮಸ್ಕರಿಸಿ, ಪೂಜ್ಯರ ಆಶೀರ್ವಾದ ಪಡೆದು, ಧಾರವಾಡಕ್ಕೋ ಕಲಬುರಗಿಗೋ ಮೈಸೂರಿಗೋ ಹೊರಟು ನಿಂತವರು ಅವರು. ಆ ಮುಖಗಳಲ್ಲಿ ಹಿಗ್ಗು ಇರುತ್ತದೆ. ಆದರೆ ಯುಗಾದಿಗೆ ಊರಿಗೆ ಬಂದಾಗ ಅವರಲ್ಲಿ ಕೆಲವರ ಮುಖ ಬಾಡಿರುವುದನ್ನೂ ನಾವು ಕಂಡಿದ್ದೇವೆ.

ಅಂಥ ಒಬ್ಬ ವಿದ್ಯಾರ್ಥಿಯ ನೆನಪು ನಮ್ಮಲ್ಲಿ ಉಳಿದಿದೆ. ತಾಲೂಕಿನ ಕಾಲೇಜಿನಲ್ಲಿ ಮೊದಲಿಗನಾಗಿದ್ದವನು, ವಿಶ್ವವಿದ್ಯಾಲಯದ ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯದಲ್ಲಿ ಅನುತ್ತೀರ್ಣನಾದ. ಮನೆಯಲ್ಲಿ ಹೇಳುವ ಧೈರ್ಯವಾಗಲಿಲ್ಲ. ವಸತಿನಿಲಯ ಬಿಟ್ಟು, ಹಾಸಿಗೆ ಸುತ್ತಿಕೊಂಡು, ನೇರವಾಗಿ ಮಠಕ್ಕೆ ಬಂದ. "ಅಲ್ಲಿ ಕಲಿಯುವ ಯೋಗ್ಯತೆ ನನಗಿಲ್ಲರೀ" ಎಂದ. ವಿಚಾರಿಸಿದಾಗ ತಿಳಿದದ್ದು ಬೇರೆ. ಪದವಿಯವರೆಗೆ ಕನ್ನಡದಲ್ಲಿ ಓದಿದ ಅವನಿಗೆ ಇಂಗ್ಲಿಷಿನ ಪಾಠ ಅರ್ಥವಾಗಿರಲಿಲ್ಲ. ಅರ್ಥವಾಗಲಿಲ್ಲವೆಂದು ಆರು ತಿಂಗಳಲ್ಲಿ ಒಮ್ಮೆಯೂ ಅವನು ಯಾರಿಗೂ ಹೇಳಿರಲಿಲ್ಲ. ಕೊರತೆಯಿದ್ದದ್ದು ಯೋಗ್ಯತೆಯಲ್ಲಲ್ಲ, ಕೇಳುವ ರೂಢಿಯಲ್ಲಿ. ಮಠದ ಹಿರಿಯರೊಬ್ಬರು ಜೊತೆಗೆ ಹೋಗಿ ಅವನನ್ನು ಅಧ್ಯಾಪಕರಿಗೆ ಭೇಟಿ ಮಾಡಿಸಿದರು. ಮುಂದಿನ ಪರೀಕ್ಷೆಯಲ್ಲಿ ಆ ವಿಷಯವೂ ಪಾಸಾಯಿತು. ಈ ಲೇಖನಕ್ಕೆ ಪ್ರೇರಣೆ ಆ ಪ್ರಸಂಗವೇ.

ಹಿರಿಯರು ತೆರೆದ ದಾರಿ

ಇಂದು ನಮಗೆ ಸುಲಭವೆನಿಸುವ ಈ ದಾರಿ ಹಿಂದೆ ಇರಲಿಲ್ಲ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳ ಕಾಲೇಜುಗಳು ಮುಂಬಯಿ ವಿಶ್ವವಿದ್ಯಾಲಯದ ಆಶ್ರಯದಲ್ಲಿದ್ದವು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಗಿ, ಮರುವರ್ಷ ಧಾರವಾಡಕ್ಕೆ ಬಂತು. 1954ರಿಂದ 1967ರವರೆಗೆ ಅದರ ಕುಲಪತಿಗಳಾಗಿದ್ದ ಡಿ. ಸಿ. ಪಾವಟೆಯವರು ಗೋಕಾಕ ತಾಲೂಕಿನ ಮಮದಾಪುರದಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಎನಿಸಿದವರು. ಛೋಟಾ ಮಹಾಬಳೇಶ್ವರವೆಂದು ಹೆಸರಾದ ಗುಡ್ಡದ ಮೇಲೆ ಇಂದು ನಾವು ಕಾಣುವ ವಿದ್ಯಾನಗರಿ ಬೆಳೆದುದು ಅವರ ಕಾಲದಲ್ಲಿ.

ಅದಕ್ಕೂ ಮೊದಲೇ ಸಮಾಜ ತನ್ನ ಕೆಲಸ ಮಾಡಿತ್ತು. 1906ರಲ್ಲಿ ಲಿಂಗೈಕ್ಯರಾದ ತ್ಯಾಗವೀರ ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಮೀಸಲಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿತು. ಮಠಗಳು ಪ್ರಸಾದ ನಿಲಯಗಳನ್ನು ತೆರೆದವು. ಊರು ಬಿಟ್ಟು ಓದಲು ಹೋದ ಬಡ ಮಗುವಿಗೆ ಅನ್ನವೂ ಆಸರೆಯೂ ಸಿಗಬೇಕೆಂಬುದು ಅಂದಿನ ಹಿರಿಯರ ಸಂಕಲ್ಪ.

ಯಾವುದು ಒಂದೇ, ಯಾವುದು ಬೇರೆ

ಸಣ್ಣ ಊರಿನ ಕಾಲೇಜೆಂದರೆ ಕೀಳು, ವಿಶ್ವವಿದ್ಯಾಲಯವೆಂದರೆ ಮೇಲು ಎಂಬ ಭಾವನೆ ಹಲವರಲ್ಲಿದೆ. ಅದು ಸರಿಯಲ್ಲ. ನಮ್ಮ ತಾಲೂಕು ಕೇಂದ್ರಗಳ ಬಹುತೇಕ ಪದವಿ ಕಾಲೇಜುಗಳು ಯಾವುದಾದರೊಂದು ರಾಜ್ಯ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿವೆ. ಪಠ್ಯಕ್ರಮ ರೂಪಿಸುವುದು, ಪರೀಕ್ಷೆ ನಡೆಸುವುದು, ಪದವಿ ನೀಡುವುದು ಆ ವಿಶ್ವವಿದ್ಯಾಲಯವೇ. ಪ್ರಮಾಣಪತ್ರದ ಮೇಲಿನ ಮುದ್ರೆ ಊರಿನ ಕಾಲೇಜಿನವರಿಗೂ ಪಟ್ಟಣದವರಿಗೂ ಒಂದೇ.

ವ್ಯತ್ಯಾಸವಿರುವುದು ಕಲಿಯುವ ಬಗೆಯಲ್ಲಿ. ಊರಿನ ಕಾಲೇಜಿನಲ್ಲಿ ಗುರುಗಳಿಗೆ ವಿದ್ಯಾರ್ಥಿಯ ಹೆಸರು ಗೊತ್ತು, ತಂದೆಯ ಹೆಸರೂ ಗೊತ್ತು. ಎರಡು ದಿನ ಬಾರದಿದ್ದರೆ ಹೇಳಿಕಳಿಸುತ್ತಾರೆ. ಟಿಪ್ಪಣಿ ಬರೆಸುತ್ತಾರೆ. ವಿಶ್ವವಿದ್ಯಾಲಯದಲ್ಲಿ ದೊಡ್ಡ ಗ್ರಂಥಾಲಯವಿದೆ, ಪ್ರಯೋಗಾಲಯವಿದೆ, ಸಂಶೋಧನೆಯಲ್ಲಿ ತೊಡಗಿದ ವಿದ್ವಾಂಸರಿದ್ದಾರೆ. ಆದರೆ ವಿದ್ಯಾರ್ಥಿ ತಾನಾಗಿ ಹೋಗದ ಹೊರತು ಇವು ಯಾವುವೂ ಅವನ ಬಳಿಗೆ ಬರುವುದಿಲ್ಲ. ಸೂಚನಾ ಫಲಕ ಓದುವುದು, ಕೊನೆಯ ದಿನಾಂಕ ನೆನಪಿಡುವುದು, ಪುಸ್ತಕ ಹುಡುಕುವುದು ಎಲ್ಲವೂ ಅವನದೇ ಹೊಣೆ.

ಮೊದಲು ಕೂಡಿಸಬೇಕಾದ ಕಾಗದಪತ್ರಗಳು

ಸ್ಥಾನಾಂತರ ಎರಡು ಬಗೆಯದು. ಪದವಿ ಮುಗಿಸಿ ಸ್ನಾತಕೋತ್ತರ ತರಗತಿಗೆ ಸೇರುವುದು ಒಂದು. ಪದವಿಯ ನಡುವೆಯೇ ಕಾಲೇಜು ಬದಲಿಸುವುದು ಇನ್ನೊಂದು. ಮೊದಲನೆಯದು ರಾಜಮಾರ್ಗ. ಎರಡನೆಯದಕ್ಕೆ ಹೆಚ್ಚಿನ ಎಚ್ಚರ ಬೇಕು.

ನಡುವೆ ಬದಲಿಸುವವರು ಮೊದಲು ಸೇರಬೇಕಾದ ಕಡೆ ಸೀಟು ಖಾಲಿ ಇದೆಯೇ, ತಾವು ಓದಿದ ವಿಷಯಗಳು ಅಲ್ಲಿವೆಯೇ ಎಂದು ವಿಚಾರಿಸಬೇಕು. ಎರಡೂ ಕಾಲೇಜುಗಳ ಒಪ್ಪಿಗೆ ಬರವಣಿಗೆಯಲ್ಲಿ ದೊರೆತ ಮೇಲೆಯೇ ವರ್ಗಾವಣೆ ಪ್ರಮಾಣಪತ್ರಕ್ಕೆ ಅರ್ಜಿ ಕೊಡಬೇಕು. ಇತ್ತ ಹೆಸರು ತೆಗೆಸಿ ಅತ್ತ ಪ್ರವೇಶ ಸಿಗದೆ ವರ್ಷ ಕಳೆದುಕೊಳ್ಳುವ ಅಪಾಯ ಇಲ್ಲಿದೆ. ವಿಶ್ವವಿದ್ಯಾಲಯವೇ ಬದಲಾಗುವುದಾದರೆ ವಲಸೆ ಪ್ರಮಾಣಪತ್ರವೂ ಬೇಕಾಗುತ್ತದೆ. ಪಠ್ಯಕ್ರಮದ ವಿಷಯದಲ್ಲಿ ಇನ್ನೊಂದು ತೊಡಕಿದೆ. ನಮ್ಮ ರಾಜ್ಯದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. 2024-25ರಿಂದ ಮತ್ತೆ ಮೂರು ವರ್ಷಗಳ ಪದವಿಯ ಕ್ರಮಕ್ಕೆ ಮರಳಲಾಯಿತು. ಹೀಗಾಗಿ ತಾವು ಯಾವ ವರ್ಷ, ಯಾವ ಕ್ರಮದಲ್ಲಿ ಸೇರಿದವರೆಂಬುದನ್ನು ಹೇಳಿಯೇ ವಿಚಾರಿಸುವುದು ಒಳಿತು. ಗಳಿಸಿದ ಕ್ರೆಡಿಟ್ಟುಗಳು ವಿದ್ಯಾರ್ಥಿಯ ಹೆಸರಿನ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯಲ್ಲಿ ಜಮೆಯಾಗಿವೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಊರು ಬಿಡುವ ಮುನ್ನ ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಪಡೆದಿರಬೇಕು. ಕಲ್ಯಾಣ ಕರ್ನಾಟಕದ ಜಿಲ್ಲೆಗಳವರು 371ಜೆ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಮಾಡಿಸಿಕೊಳ್ಳಬೇಕು. ಹೆಸರಿನ ಅಕ್ಷರಗಳು ಆಧಾರ್, ಅಂಕಪಟ್ಟಿ, ಬ್ಯಾಂಕ್ ಖಾತೆ ಮೂರರಲ್ಲಿಯೂ ಒಂದೇ ಆಗಿರಲಿ. ಇದೊಂದು ವ್ಯತ್ಯಾಸದಿಂದ ವಿದ್ಯಾರ್ಥಿವೇತನ ತಿಂಗಳುಗಟ್ಟಲೆ ನಿಲ್ಲುವುದುಂಟು.

ಅನ್ನ ಮತ್ತು ಆಸರೆ

ವಿಶ್ವವಿದ್ಯಾಲಯದ ಶುಲ್ಕಕ್ಕಿಂತ ಊಟ, ವಸತಿಯ ವೆಚ್ಚವೇ ಬಡ ಕುಟುಂಬಕ್ಕೆ ಭಾರವಾಗುವುದು. ಪ್ರವೇಶದ ಅರ್ಜಿಯ ಜೊತೆಗೇ ವಿಶ್ವವಿದ್ಯಾಲಯದ ವಸತಿನಿಲಯಕ್ಕೂ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಸತಿನಿಲಯಕ್ಕೂ ಅರ್ಜಿ ಹಾಕಬೇಕು. ವಸತಿನಿಲಯದಲ್ಲಿ ಸ್ಥಾನ ದೊರೆಯದ ಅರ್ಹ ವಿದ್ಯಾರ್ಥಿಗಳಿಗಾಗಿ ಸರ್ಕಾರದ ವಿದ್ಯಾಸಿರಿ ಯೋಜನೆ ಇದೆ. ಅದರಡಿ ತಿಂಗಳ ಲೆಕ್ಕದಲ್ಲಿ ವರ್ಷಕ್ಕೆ ಹತ್ತು ತಿಂಗಳು ನೆರವು ದೊರೆಯುತ್ತದೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಇದಕ್ಕೆ ಅರ್ಜಿ ಸಲ್ಲಿಸಬೇಕು. ಮಠಗಳ ಪ್ರಸಾದ ನಿಲಯಗಳಲ್ಲಿ ಸ್ಥಳ ಬೇಕಾದವರು ಕಾಲೇಜು ಆರಂಭವಾಗುವ ಮೊದಲೇ ಪಾಲಕರೊಡನೆ ಹೋಗಿ ಕಾಣಬೇಕು. ಅಲ್ಲಿ ಬೆಳಗಿನ ಪ್ರಾರ್ಥನೆ, ಸಾಮೂಹಿಕ ಪ್ರಸಾದ, ಹಿರಿಯ ವಿದ್ಯಾರ್ಥಿಗಳ ಸಹವಾಸ ದೊರೆಯುತ್ತವೆ. ಒಬ್ಬ ಹುಡುಗ ಊಟಕ್ಕೆ ಬರದಿದ್ದರೆ ಪಂಕ್ತಿಯಲ್ಲಿ ಯಾರಾದರೂ ಗಮನಿಸುತ್ತಾರೆ. ಅದು ಸಣ್ಣ ಮಾತಲ್ಲ.

ಪ್ರಶ್ನಿಸುವುದು ಶರಣರ ಮಾರ್ಗ

ಅನುಭವ ಮಂಟಪಕ್ಕೆ ಬಂದವರು ದೂರದೂರದ ಊರುಗಳಿಂದ ಬಂದವರು. ಬೇರೆ ಬೇರೆ ಕಾಯಕದವರು ಅಲ್ಲಿ ಕೂಡಿ ಕುಳಿತು ಕೇಳಿದರು, ಹೇಳಿದರು. ಅರಿಯದುದನ್ನು ಅರಿಯೆನೆಂದು ಒಪ್ಪುವುದು ಅಲ್ಲಿ ಅವಮಾನವಾಗಿರಲಿಲ್ಲ. ಅದೇ ಅರಿವಿನ ಮೊದಲ ಮೆಟ್ಟಿಲಾಗಿತ್ತು. ನಮ್ಮ ವಿದ್ಯಾರ್ಥಿಗಳು ವಿಶ್ವವಿದ್ಯಾಲಯಕ್ಕೆ ಒಯ್ಯಬೇಕಾದ ಬುತ್ತಿ ಇದು.

ಮೊದಲ ತಿಂಗಳಲ್ಲಿಯೇ ಪ್ರತಿಯೊಬ್ಬ ಅಧ್ಯಾಪಕರನ್ನೂ ಒಮ್ಮೆ ಕಂಡು ಹೆಸರು, ಊರು ಹೇಳಿ ಬರಬೇಕು. ಪಾಠ ಅರ್ಥವಾಗದಿದ್ದರೆ ಅದೇ ವಾರ ಕೇಳಬೇಕು, ಪರೀಕ್ಷೆಯವರೆಗೆ ಕಾಯಬಾರದು. ಕನ್ನಡ ಮಾಧ್ಯಮದಿಂದ ಬಂದವರು ದಿನಕ್ಕೆ ಎರಡು ಪುಟ ಇಂಗ್ಲಿಷ್ ಪಠ್ಯವನ್ನು ಓದಿ, ಅದರ ಸಾರವನ್ನು ಕನ್ನಡದಲ್ಲಿ ಬರೆದುಕೊಳ್ಳಲಿ. ಉತ್ತರವನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆಯೇ ಎಂದು ವಿಭಾಗದಲ್ಲಿ ವಿಚಾರಿಸಲಿ. ಒಂದು ವಿಷಯ ಉಳಿದರೆ ಓದು ಮುಗಿದಂತಲ್ಲ. ಮತ್ತೆ ಬರೆಯುವ ಅವಕಾಶ ಇದ್ದೇ ಇದೆ.

ಪಾಲಕರಲ್ಲಿ ಎರಡು ಮಾತು

ಮಗ ಫೋನಿನಲ್ಲಿ "ಎಲ್ಲಾ ಚಲೋ ಐತಿ" ಎಂದರೆ ಅಷ್ಟಕ್ಕೇ ಸಮಾಧಾನ ಪಡಬೇಡಿ. ಮೊದಲ ಆರು ತಿಂಗಳಲ್ಲಿ ಒಮ್ಮೆಯಾದರೂ ಹೋಗಿ ನೋಡಿ. ಅಂಕದ ಮಾತಿಗಿಂತ ಮೊದಲು ಊಟದ ಮಾತು, ಗೆಳೆಯರ ಮಾತು ಕೇಳಿ. ಸೋತೆನೆಂದು ಹೇಳಲು ಮಗುವಿಗೆ ಮನೆಯಲ್ಲಿ ಜಾಗವಿರಬೇಕು.

ಹೆಣ್ಣುಮಕ್ಕಳನ್ನು ದೂರ ಕಳಿಸಲು ಹಲವರು ಇಂದಿಗೂ ಹಿಂಜರಿಯುತ್ತಾರೆ. ಉಡುತಡಿಯಿಂದ ಕಲ್ಯಾಣಕ್ಕೆ ಒಬ್ಬಳೇ ನಡೆದು ಬಂದು, ಅಲ್ಲಮಪ್ರಭುಗಳ ಪ್ರಶ್ನೆಗಳಿಗೆ ಉತ್ತರಿಸಿದ ಅಕ್ಕಮಹಾದೇವಿಯನ್ನು ಪೂಜಿಸುವ ಸಮಾಜ ನಮ್ಮದು. ಆಕೆಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯವೇ ವಿಜಯಪುರದಲ್ಲಿದೆ. ವಸತಿಯ ಭದ್ರತೆಯನ್ನು ಕಣ್ಣಾರೆ ಕಂಡು ವಿಚಾರಿಸಿ. ಆದರೆ ಭಯದ ಕಾರಣಕ್ಕೆ ಮಗಳ ಓದನ್ನು ನಿಲ್ಲಿಸಬೇಡಿ.

ಊರಿನ ಕಾಲೇಜಿನಲ್ಲಿಯೇ ಓದು ಮುಗಿಸಿ ಕಾಯಕಕ್ಕೆ ತೊಡಗುವವರು ಯಾರಿಗೂ ಕಡಿಮೆಯಲ್ಲ. ಎಲ್ಲರೂ ಹೋಗಲೇಬೇಕೆಂದಿಲ್ಲ, ಹೋದವರು ಒಂಟಿತನದಿಂದ ಮರಳಬಾರದು ಎಂಬುದಷ್ಟೇ ನಮ್ಮ ಕಳಕಳಿ. ವಿಶ್ವವಿದ್ಯಾಲಯವಿರುವ ನಗರಗಳಲ್ಲಿ ನೆಲೆಸಿರುವ ಸದ್ಭಕ್ತರಲ್ಲಿ ಒಂದು ವಿನಂತಿ. ಈ ವರ್ಷ ನಿಮ್ಮ ಊರಿನಿಂದ ಬಂದ ಒಬ್ಬ ವಿದ್ಯಾರ್ಥಿಯನ್ನಾದರೂ ಹುಡುಕಿ, ತಿಂಗಳಿಗೊಮ್ಮೆ ಮನೆಗೆ ಕರೆದು ಪ್ರಸಾದ ಮಾಡಿಸಿ, ಓದು ಹೇಗೆ ಸಾಗಿದೆಯೆಂದು ಕೇಳಿ. ಹಣ ಕೊಡಲಾಗದವರೂ ಮಾಡಬಹುದಾದ ದಾಸೋಹವಿದು.