ಪೆಟ್ಟಿಗೆಯೊಳಗಿನ ತಂಬೂರಿ

ಹುಮನಾಬಾದ್ ಪಕ್ಕದ ಮಾಣಿಕನಗರ ಹಾಡಿನ ಊರು. ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದಿಗಳಲ್ಲಿ ಪದ ಕಟ್ಟಿದ ನೆಲವಿದು. ದತ್ತ ಜಯಂತಿಗೆ ಇಂದಿಗೂ ಗಾಯಕರು ಬಂದು ಸೇವೆ ಸಲ್ಲಿಸುತ್ತಾರೆ. ಅತ್ತ ಬಸವಕಲ್ಯಾಣದಲ್ಲಿ ಶರಣರ ವಚನಗಳು ಪೇಟಿ, ತಬಲಾಗಳೊಂದಿಗೆ ರಾಗಕ್ಕೇರುತ್ತವೆ. ಇಂಥ ಕಛೇರಿಗಳಲ್ಲಿ ಹಾಡುವವರ ಪಕ್ಕ ಬುತ್ತಿ ಡಬ್ಬಿಯಷ್ಟೇ ಇರುವ ಪೆಟ್ಟಿಗೆಯೊಂದು ಈಗ ಮಾಮೂಲಿ. ಗುಂಡಿ ತಿರುವಿದರೆ ತಂಬೂರಿ ನುಡಿಯುತ್ತದೆ. ಈ ಎಲೆಕ್ಟ್ರಾನಿಕ್ ತಂಬೂರಿಯ ತವರು ನಮ್ಮ ಬೆಂಗಳೂರು.

ಜಿ. ರಾಜ್‌ನಾರಾಯಣ್ ಹಿಂದೂಸ್ತಾನ್ ಏರೋನಾಟಿಕ್ಸ್‌ನಲ್ಲಿ ಎಂಜಿನಿಯರ್ ಆಗಿದ್ದವರು, ಕೊಳಲು ನುಡಿಸುವವರು. ವಿಮಾನದ ವಿದ್ಯೆ ಮತ್ತು ಸಂಗೀತದ ಕಿವಿ ಎರಡೂ ಒಬ್ಬರಲ್ಲೇ ಕೂಡಿದ್ದರಿಂದ ಈ ಪ್ರಯೋಗ ಸಾಧ್ಯವಾಯಿತು. 1979ರಲ್ಲಿ ಅವರು ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿ, ಅದೇ ವರ್ಷ ಮದ್ರಾಸಿನ ಸಂಗೀತೋತ್ಸವದ ಸಮ್ಮೇಳನದಲ್ಲಿ ಪ್ರದರ್ಶಿಸಿದರು. ಅವರ ರಾಡೆಲ್ ಸಂಸ್ಥೆಯಿಂದ ಮುಂದೆ ಎಲೆಕ್ಟ್ರಾನಿಕ್ ತಬಲಾ, ಡಿಜಿಟಲ್ ವೀಣೆಗಳೂ ಬಂದವು.

ತಂಬೂರಿಗೆ ಹೆಚ್ಚಾಗಿ ನಾಲ್ಕೇ ತಂತಿ. ಸಾಮಾನ್ಯವಾಗಿ ಒಂದು ಪಂಚಮ, ಉಳಿದವು ಷಡ್ಜ. ಕುದುರೆಯ ಮೇಲೆ ತಂತಿಯಡಿ ಎಳೆ ದಾರ ಸೇರಿಸಿದಾಗ ಒಂದೇ ಸ್ವರದೊಳಗೆ ಹಲವು ಸ್ವರಗಳು ಝೇಂಕರಿಸುತ್ತವೆ. ಆದರೆ ಸೋರೆ ಬುರುಡೆ ಬಸ್ ಪ್ರಯಾಣಕ್ಕೆ ನಾಜೂಕು, ಹವೆ ಬದಲಾದರೆ ಶ್ರುತಿ ಜಾರುತ್ತದೆ, ಹಿಂದೆ ಕುಳಿತು ಮೀಟಲು ಇನ್ನೊಬ್ಬರು ಬೇಕು. ಪೆಟ್ಟಿಗೆಯಲ್ಲಿ ಆ ಕೆಲಸವನ್ನು ವಿದ್ಯುನ್ಮಂಡಲ ಮಾಡುತ್ತದೆ. ಶ್ರುತಿಗೆ, ವೇಗಕ್ಕೆ, ದನಿಯ ಏರಿಳಿತಕ್ಕೆ ಬೇರೆ ಬೇರೆ ಗುಂಡಿಗಳು. ನಂತರದ ಮಾದರಿಗಳಲ್ಲಿ ನಿಜವಾದ ತಂಬೂರಿಯ ನಾದವನ್ನೇ ಮುದ್ರಿಸಿ ಚಿಪ್‌ನಲ್ಲಿಟ್ಟರು.

ಯಂತ್ರದಿಂದ ನಾದ ಹೊರಡಿಸುವ ಪ್ರಯತ್ನ ಬೇರೆಡೆಯೂ ನಡೆದಿತ್ತು. ಅಮೆರಿಕದಲ್ಲಿ ರಾಬರ್ಟ್ ಮೂಗ್ 1964ರಲ್ಲೇ ಸಿಂಥಸೈಜರ್ ತಂದಿದ್ದರು. 1974ರಲ್ಲಿ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ ‘ಆಟೋಬಾನ್’ ಮೂಲಕ ಯಂತ್ರನಾದವನ್ನು ಜನಪ್ರಿಯ ಹಾಡಾಗಿಸಿತು. 1982ರಲ್ಲಿ ಮುಂಬೈಯ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂಡಿಸಿ ರೆಕಾರ್ಡ್ ತಂದರು. ಆಗ ಕೇಳಿದವರು ಕಡಿಮೆ. 2010ರಲ್ಲಿ ಮರುಪ್ರಕಟವಾದಾಗ ಲೋಕ ಬೆರಗಾಯಿತು. ಅವರೆಲ್ಲ ಯಂತ್ರದಿಂದ ಹಿಂದೆ ಕೇಳಿರದ ನಾದವನ್ನು ಹೊರಡಿಸಲು ಹೊರಟವರು. ಬೆಂಗಳೂರಿನ ಎಂಜಿನಿಯರ್ ಬಯಸಿದ್ದು ಹಳೆಯ ನಾದವನ್ನೇ, ಅಲುಗಾಡದಂತೆ ಹಿಡಿದಿಡುವುದನ್ನು. ನನಗೆ ಈ ಸಾಹಸ ಅವರದಕ್ಕಿಂತ ಕಿರಿದೆನಿಸುವುದಿಲ್ಲ.

ಏಕೆಂದರೆ ಸಂಗೀತದ ದೊಡ್ಡ ಪೇಟೆಗಳಿಂದ ದೂರವಿರುವ ಊರುಗಳಲ್ಲಿ ಕಲಿಯುವವರಿಗೆ ತಂಬೂರಿ ಕೊಳ್ಳುವುದೂ ಮೀಟುವ ಜೊತೆಗಾರರನ್ನು ಹುಡುಕುವುದೂ ಕಷ್ಟವೇ. ಪೆಟ್ಟಿಗೆ ಬಂದ ಮೇಲೆ ನಸುಕಿನ ರಿಯಾಜಿಗೆ ಯಾರ ದಾರಿಯನ್ನೂ ಕಾಯಬೇಕಿಲ್ಲ. ಒಂದು ಮಾತು ಮಾತ್ರ ಗುರುಗಳು ನೆನಪಿಡಲಿ: ಪೆಟ್ಟಿಗೆ ಶ್ರುತಿ ಕೊಡುತ್ತದೆ, ಶ್ರುತಿ ಕೂಡಿಸುವುದನ್ನು ಕಲಿಸುವುದಿಲ್ಲ. ಮಕ್ಕಳ ಕೈಗೆ ಆಗಾಗ ನಿಜವಾದ ತಂಬೂರಿಯನ್ನೂ ಕೊಡಿ. ಬಿರಡೆ ತಿರುವುತ್ತ ಷಡ್ಜವನ್ನು ಅವರೇ ಹುಡುಕಿಕೊಳ್ಳಲಿ.